ತಪ್ಪು ತನಗೇ ಕೇಳಿಸುವ ತನಕ

(ಸಂಗೀತ ವಿದ್ಯಾರ್ಥಿಗಳ ಶಿಬಿರವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸಂಗೀತ ಕಲಿಯುವವರು ಎಲ್ಲಿ ಸಿಕ್ಕರೂ ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ದಿನಕ್ಕೆ ಎಷ್ಟು ಗಂಟೆ ಸಾಧನೆ ಮಾಡಬೇಕು? ಇವತ್ತು ಬೆಳಗ್ಗೆ ಇಲ್ಲಿಗೆ ಬಂದ ಕೂಡಲೇ ಇಬ್ಬರು ಕೇಳಿದರು. 34 ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಮೊದಮೊದಲು ನಾನೂ ಈ ಪ್ರಶ್ನೆಗೆ ಒಂದು ಸಂಖ್ಯೆಯನ್ನೇ ಉತ್ತರವಾಗಿ ಕೊಡುತ್ತಿದ್ದೆ. ಈಗ ಕೊಡುವುದಿಲ್ಲ. ಯಾಕೆಂದು ತಿಳಿಯಬೇಕಾದರೆ ನೀವು ಒಬ್ಬ ಹುಡುಗಿಯ ಸಂಗತಿ ಕೇಳಬೇಕು.

ಹನ್ನೊಂದು ವರ್ಷದ ಹುಡುಗಿ. ಬೆಳಗ್ಗೆ ಐದಕ್ಕೆ ಎದ್ದು ಒಂದೂವರೆ ಗಂಟೆ, ಸಂಜೆ ಮತ್ತೆ ಒಂದೂವರೆ ಗಂಟೆ ಕೂತು ಹಾಡುತ್ತಿದ್ದಳು. ಅಷ್ಟು ಶ್ರದ್ಧೆಯ ಮಗುವನ್ನು ನಾನು ಹೆಚ್ಚು ನೋಡಿಲ್ಲ. ಆಗ ನನ್ನ ಪಾಠದ ಕ್ರಮ ಹೀಗಿತ್ತು: ನಾನು ಒಂದು ಸಲ ಹಾಡುವುದು, ಮಕ್ಕಳು ಒಂದು ಸಲ ಹಾಡುವುದು, ಆಮೇಲೆ ಎಲ್ಲರೂ ನನ್ನ ಜೊತೆಯಲ್ಲಿ ಹಾಡುವುದು. ಒಂದು ದಿನ ನನ್ನ ಗಂಟಲು ಕಟ್ಟಿತ್ತು. ತಾಳ ಹಾಕುತ್ತಾ ಸುಮ್ಮನೆ ಕೂತಿದ್ದೆ. ಅವಳು ಒಬ್ಬಳೇ ಸರಳೆ, ಎಂದರೆ ಕಲಿಕೆಯ ಮೊಟ್ಟಮೊದಲ ಸ್ವರಪಾಠ, ಹಾಡಿದಳು. ಮಾಯಾಮಾಳವಗೌಳ ರಾಗದ ಧೈವತ, ಎಂದರೆ ‘ದ’ ಸ್ವರ, ಇರಬೇಕಾದ ಜಾಗದಲ್ಲಿ ಇರಲಿಲ್ಲ. ಪಂಚಮಕ್ಕೆ ಅಂಟಿಕೊಂಡಂತೆ ನಿಲ್ಲಬೇಕಾದ ಶುದ್ಧ ಧೈವತ ಮೇಲಕ್ಕೆ ಸರಿದು, ಚತುಶ್ರುತಿ ಧೈವತದ ಹತ್ತಿರ ಹೋಗಿ ನಿಂತಿತ್ತು. ಮೂರು ಸಲ ಹಾಡಿಸಿದೆ. ಮೂರು ಸಲವೂ ಅದೇ ಜಾಗ, ಸ್ವಲ್ಪವೂ ಅಲುಗದೆ.

ಎರಡು ವರ್ಷ ಅವಳು ನನ್ನ ಎದುರು ಕೂತು ಹಾಡಿದ್ದಳು. ನನ್ನ ದನಿ ಜೊತೆಯಲ್ಲಿ ಇರುತ್ತಿದ್ದುದರಿಂದ ಅವಳ ತಪ್ಪು ನನಗೂ ಕೇಳಿಸಲಿಲ್ಲ, ಅವಳಿಗೂ ಕೇಳಿಸಲಿಲ್ಲ. ಮನೆಯಲ್ಲಿ ದಿನಕ್ಕೆ ಮೂರು ಗಂಟೆ ಅವಳು ಮಾಡಿದ್ದೆಂದರೆ ಆ ತಪ್ಪು ಧೈವತವನ್ನು ಉಜ್ಜಿ ಉಜ್ಜಿ ಹೊಳಪಿಸಿದ್ದು. ಅದನ್ನು ಕೆಳಗಿಳಿಸಲು ನಮಗೆ ಏಳು ತಿಂಗಳು ಬೇಕಾಯಿತು. ಆ ಏಳು ತಿಂಗಳಲ್ಲಿ ಅವಳು ಎಷ್ಟೋ ಸಲ ಅತ್ತಿದ್ದಾಳೆ. ಮಗು ಅಳುವಾಗ ಅದು ನನ್ನ ತಪ್ಪಿಗೆ ಅಳುತ್ತಿದೆ ಎಂದು ನನಗೆ ಗೊತ್ತಿತ್ತು. ಅಂದಿನಿಂದ ನಾನು ಶಿಷ್ಯರ ಜೊತೆಯಲ್ಲಿ ಹಾಡುವುದನ್ನು ಬಿಟ್ಟೆ. ನಾನು ಹಾಡಿ ತೋರಿಸುತ್ತೇನೆ, ನಿಲ್ಲಿಸುತ್ತೇನೆ, ಅವರು ಒಬ್ಬರೇ ಹಾಡಬೇಕು. ಇಲ್ಲಿ ಪಾಠ ಹೇಳುವವರೂ ಕೆಲವರು ಕೂತಿದ್ದೀರಿ. ನಿಮ್ಮಲ್ಲಿ ನಾನು ಕೈಮುಗಿದು ಕೇಳುವುದು ಇದೊಂದನ್ನೇ: ಮಗುವಿನ ದನಿಯ ಮೇಲೆ ನಿಮ್ಮ ದನಿಯನ್ನು ಹೊದಿಸಬೇಡಿ.

ಆದ್ದರಿಂದ ಎಷ್ಟು ಗಂಟೆ ಎಂದು ಕೇಳಿದವರನ್ನು ಈಗ ನಾನೇ ಕೇಳುತ್ತೇನೆ: ಅಷ್ಟು ಹೊತ್ತು ಹಾಡಿದಿರಿ, ಕೇಳಿಸಿಕೊಂಡವರು ಯಾರು? ಮನೆಯಲ್ಲಿ ಗುರುಗಳು ಇರುವುದಿಲ್ಲ. ಅಲ್ಲಿ ತಪ್ಪನ್ನು ಹಿಡಿಯಬೇಕಾದ ಕಿವಿ ನಿಮ್ಮದೇ. ಆ ಕಿವಿಯನ್ನು ತಯಾರು ಮಾಡಿಕೊಡುವುದೇ ಗುರುವಿನ ಮುಖ್ಯ ಕೆಲಸ ಎಂದು ನಾನು ನಂಬಿದ್ದೇನೆ. ಕೃತಿಗಳ ಸಂಖ್ಯೆ ಆಮೇಲಿನ ಮಾತು.

ಈಗ ಸರಳೆಗೆ ಬರೋಣ. ಸರಳೆ ಎಂದ ತಕ್ಷಣ ಅಲ್ಲಿ ಹಿಂದೆ ಕೂತ ಕೆಲವರ ಮುಖ ಬಾಡಿದ್ದು ನನಗೆ ಕಾಣಿಸಿತು. ವರ್ಣ, ಕೃತಿಗಳಂಥ ದೊಡ್ಡ ರಚನೆ ಹಾಡುವವರಿಗೆ ಸರಳೆ ಯಾಕೆ ಎಂದು ಅನಿಸುವುದು ಸಹಜ. ಸರಳೆ, ಜಂಟಿ, ದಾಟು, ಅಲಂಕಾರ, ಗೀತೆ ಎನ್ನುವ ಈ ಕ್ರಮವನ್ನು ನಮ್ಮ ಪರಂಪರೆ ಪುರಂದರದಾಸರ ಹೆಸರಿಗೆ ಒಪ್ಪಿಸಿದೆ. ಮೊದಲ ಪಾಠಕ್ಕೆ ಮಾಯಾಮಾಳವಗೌಳವನ್ನು ಆರಿಸಿದ್ದರಲ್ಲಿ ಎಷ್ಟು ಬುದ್ಧಿವಂತಿಕೆ ಇದೆ ಎಂದು ನನಗೆ ಅರ್ಥವಾಗಿದ್ದು ಪಾಠ ಹೇಳಲು ಶುರುಮಾಡಿ ಹತ್ತು ವರ್ಷವಾದ ಮೇಲೆ. ಇದು 15ನೆಯ ಮೇಳ, ಎಂದರೆ ಏಳೂ ಸ್ವರಗಳಿರುವ ಮೂಲ ರಾಗಗಳಲ್ಲಿ ಹದಿನೈದನೆಯದು. ಇದರಲ್ಲಿ ಸ ರಿ ಗ ಮ ಒಂದು ತುಂಡು, ಪ ದ ನಿ ಸ ಇನ್ನೊಂದು ತುಂಡು. ಎರಡರ ಅಚ್ಚೂ ಒಂದೇ. ಷಡ್ಜದಿಂದ ರಿಷಭ ಎಷ್ಟು ಎತ್ತರವೋ ಪಂಚಮದಿಂದ ಧೈವತ ಅಷ್ಟೇ ಎತ್ತರ. ರಿಷಭದಿಂದ ಗಾಂಧಾರಕ್ಕೆ ಎಷ್ಟು ದೊಡ್ಡ ಹಾರುವಿಕೆಯೋ ಧೈವತದಿಂದ ನಿಷಾದಕ್ಕೂ ಅಷ್ಟೇ. ಎಂದರೆ ತಪ್ಪು ಹಿಡಿಯುವ ಅಳತೆಗೋಲನ್ನು ಪಾಠದ ಒಳಗೇ ಇಟ್ಟಿದ್ದಾರೆ. ನಿಮ್ಮ ಧೈವತದ ಬಗ್ಗೆ ಅನುಮಾನ ಬಂದರೆ ಪಂಚಮವನ್ನೇ ಷಡ್ಜವೆಂದು ಮನಸ್ಸಿನಲ್ಲಿ ಭಾವಿಸಿ ಸ ರಿ ಗ ಮ ಹಾಡಿ ನೋಡಿ. ಕೆಳಗಿನ ತುಂಡು ಮೇಲಿನ ತುಂಡನ್ನು ತಿದ್ದುತ್ತದೆ. ಆ ಹುಡುಗಿಯ ಧೈವತ ಕೊನೆಗೆ ಸರಿಹೋಗಿದ್ದು ಹೀಗೆಯೇ. ಅವಳ ರಿಷಭ ಚೆನ್ನಾಗಿತ್ತು. ಅದನ್ನು ಹಿಡಿದುಕೊಂಡು ಧೈವತವನ್ನು ಹುಡುಕಿಸಿದೆ.

ಇನ್ನು ಕಾಲ, ಎಂದರೆ ಹಾಡುವ ವೇಗ. ಆದಿತಾಳದ ಒಂದು ಆವರ್ತಕ್ಕೆ, ಎಂದರೆ ಒಂದು ಸುತ್ತಿಗೆ, ಎಂಟು ಅಕ್ಷರ, ಎಂದರೆ ಎಂಟು ಎಣಿಕೆ. ಮೊದಲನೆಯ ಕಾಲದಲ್ಲಿ ಅಕ್ಷರಕ್ಕೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಒಂದನೆಯ ಕಾಲದಲ್ಲಿ ಆರೋಹಕ್ಕೇ ಒಂದು ಆವರ್ತ ಬೇಕು. ಮೂರನೆಯ ಕಾಲದಲ್ಲಿ ಅದೇ ಆವರ್ತದೊಳಗೆ ಎರಡು ಸಲ ಹತ್ತಿ ಇಳಿದಿರುತ್ತೇವೆ. ಮಕ್ಕಳಿಗೆ ಮೂರನೆಯ ಕಾಲದ ಮೇಲೆ ಬಹಳ ಪ್ರೀತಿ. ಮನೆಗೆ ನೆಂಟರು ಬಂದಾಗ ಅದನ್ನೇ ಹಾಡಿಸುತ್ತಾರೆ. ಆದರೆ ಆ ವೇಗದಲ್ಲಿ ಸ್ವರ ಅಷ್ಟಿಷ್ಟು ಜಾರಿದರೂ ಕೇಳುವವರಿಗೆ ಗೊತ್ತಾಗುವುದಿಲ್ಲ, ಹಾಡುವವರಿಗಂತೂ ಗೊತ್ತಾಗುವುದೇ ಇಲ್ಲ. ಒಂದನೆಯ ಕಾಲದಲ್ಲಿ ಸ್ವರದ ಮೇಲೆ ನಿಲ್ಲಬೇಕು. ನಿಂತಾಗ ಅದು ನಡುಗುತ್ತದೆಯೇ, ಉಸಿರು ಮುಗಿಯುತ್ತಾ ಬಂದಂತೆ ಕೆಳಗೆ ಜಗ್ಗುತ್ತದೆಯೇ, ಎಲ್ಲವೂ ಬಯಲಾಗುತ್ತದೆ. ಅದಕ್ಕೇ ಯಾರಿಗೂ ಆ ಕಾಲ ಇಷ್ಟವಾಗುವುದಿಲ್ಲ. ನೀವು ಈಗ ವಿದ್ವತ್ ಪರೀಕ್ಷೆಗೆ ಓದುತ್ತಿದ್ದರೂ ಸರಿ, ದಿನದ ಮೊದಲ ಇಪ್ಪತ್ತು ನಿಮಿಷವನ್ನು ಒಂದನೆಯ ಕಾಲಕ್ಕೆ ಕೊಡಿ. ಮೊದಲು ಸ್ವರಾಕ್ಷರದಲ್ಲಿ, ಆಮೇಲೆ ಅಕಾರದಲ್ಲಿ. ಅಕಾರದಲ್ಲಿ ‘ರಿ’, ‘ಗ’ ಎನ್ನುವ ಹೆಸರಿನ ಆಸರೆ ಇರುವುದಿಲ್ಲ, ಕಿವಿಯೊಂದೇ ದಾರಿ.

ಶ್ರುತಿಯ ಮಾತಿಗೆ ಬರೋಣ. ನನ್ನ ಪಕ್ಕದಲ್ಲಿ ಈ ತಂಬೂರಿ ಇದೆ. ಇವತ್ತು ಎಲ್ಲರ ಮನೆಯಲ್ಲೂ ಶ್ರುತಿ ಪೆಟ್ಟಿಗೆ ಇದೆ, ಮೊಬೈಲಿನಲ್ಲೂ ಶ್ರುತಿ ಸಿಗುತ್ತದೆ. ಅದರಿಂದ ಬಹಳ ಉಪಕಾರವಾಗಿದೆ, ಬೇಡ ಎನ್ನುವುದಿಲ್ಲ. ಆದರೆ ವಾರಕ್ಕೊಮ್ಮೆಯಾದರೂ ನಿಜವಾದ ತಂಬೂರಿಯನ್ನು ನೀವೇ ಶ್ರುತಿ ಮಾಡಿ. ಪಂಚಮ, ಎರಡು ಷಡ್ಜ, ಮಂದ್ರ ಷಡ್ಜ, ಒಟ್ಟು ನಾಲ್ಕು ತಂತಿ. ಬಿರಡೆಯನ್ನು ತಿರುಗಿಸುತ್ತಾ ಎರಡು ಷಡ್ಜಗಳು ಒಂದಾಗುವ ಕ್ಷಣಕ್ಕೆ ಕಾಯುವುದಿದೆಯಲ್ಲ, ಅದಕ್ಕಿಂತ ದೊಡ್ಡ ಕಿವಿಯ ಪಾಠ ನನಗೆ ಗೊತ್ತಿಲ್ಲ. ಒಂದಾಗುವ ಮುಂಚೆ ಎರಡು ನಾದಗಳ ನಡುವೆ ಒಂದು ಅಲೆ ಏಳುತ್ತದೆ. ಹತ್ತಿರವಾದಂತೆ ಅಲೆ ನಿಧಾನವಾಗುತ್ತದೆ, ಕೊನೆಗೆ ಅಡಗುತ್ತದೆ. ಆಮೇಲೆ ಕುದುರೆಯ (ತಂತಿಗಳು ಹಾಯುವ ಆಸರೆಯ) ಮೇಲೆ ತಂತಿಯ ಕೆಳಗಿರುವ ಸಣ್ಣ ನೂಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ತಂತಿಯ ನಾದ ಅರಳುತ್ತದೆ.

ಆಗ ಮಂದ್ರ ಷಡ್ಜದ ತಂತಿಯನ್ನು ಮೀಟಿ ಸುಮ್ಮನೆ ಕೂತರೆ ನೀವು ಮೀಟದ ಒಂದು ಸ್ವರ ಕೇಳಿಸುತ್ತದೆ. ಅದು ಅಂತರ ಗಾಂಧಾರ. ಯಾವ ತಂತಿಯನ್ನೂ ಗಾಂಧಾರಕ್ಕೆ ಕಟ್ಟಿಲ್ಲ. ಷಡ್ಜದ ಒಳಗಿನಿಂದ ಅದು ತಾನಾಗಿ ಹುಟ್ಟುತ್ತದೆ. ಸ್ವಯಂಭೂ ಗಾಂಧಾರ ಎನ್ನುತ್ತಾರೆ. ನನಗೆ ಅದು ಮೊದಲ ಸಲ ಕೇಳಿಸಿದ ದಿನ ನನ್ನ ಗುರುಗಳು ಪಕ್ಕದ ಕೋಣೆಯಲ್ಲಿದ್ದರು. ಓಡಿಹೋಗಿ, ‘ಮೇಷ್ಟ್ರೇ, ತಂಬೂರಿ ಗಾಂಧಾರ ಹಾಡುತ್ತಿದೆ’ ಎಂದೆ. ಅವರು, ‘ನಾಲ್ಕು ವರ್ಷದಿಂದ ಹಾಡುತ್ತಲೇ ಇತ್ತಮ್ಮಾ’ ಎಂದರು. ಸರಳೆಯ ಗಾಂಧಾರವೂ ಅಂತರ ಗಾಂಧಾರವೇ. ಹಾಗಾಗಿ ಮೊದಲ ದಿನದ ಪಾಠದಲ್ಲಿ ಮಗು ಹಾಡಬೇಕಾದ ಗಾಂಧಾರವನ್ನು ತಂಬೂರಿ ಬೆನ್ನ ಹಿಂದೆ ನಿಂತು ಹೇಳಿಕೊಡುತ್ತಲೇ ಇರುತ್ತದೆ. ನಾವು ಕೇಳಿಸಿಕೊಳ್ಳಬೇಕು, ಅಷ್ಟೇ.

ಮನೆಯಲ್ಲಿ ಮಾಡಬಹುದಾದ ಒಂದು ಅಭ್ಯಾಸ ಹೇಳುತ್ತೇನೆ. ಶ್ರುತಿ ಹಾಕಿಕೊಂಡು ಒಂದು ಗೀತೆ ಶುರುಮಾಡಿ. ಅರ್ಧದಲ್ಲಿ ಶ್ರುತಿ ನಿಲ್ಲಿಸಿ, ಹಾಡನ್ನು ಮುಂದುವರಿಸಿ, ಮುಗಿಸುವಾಗ ಷಡ್ಜದ ಮೇಲೆ ನಿಂತು ಮತ್ತೆ ಶ್ರುತಿ ಹಾಕಿ. ಎಲ್ಲಿಗೆ ಬಂದು ನಿಂತಿದ್ದೀರಿ ಎಂದು ಗೊತ್ತಾಗುತ್ತದೆ. ಹೆಚ್ಚಿನವರು ಸ್ವಲ್ಪ ಇಳಿದಿರುತ್ತಾರೆ. ನನ್ನ ಒಬ್ಬ ಶಿಷ್ಯ ಯಾವಾಗಲೂ ಏರಿರುತ್ತಿದ್ದ. ಆತುರದ ಹುಡುಗ, ಮಾತಿನಲ್ಲೂ ಹಾಗೆಯೇ.

ಇನ್ನೊಂದು ಉಪಾಯ ನಿಮ್ಮ ಕೈಯಲ್ಲೇ ಇದೆ, ಆದರೆ ಅದನ್ನು ತಿರುವುಮುರುವಾಗಿ ಬಳಸುತ್ತಿದ್ದೀರಿ. ಪಾಠದಲ್ಲಿ ನಾನು ಹಾಡುವುದನ್ನು ಎಲ್ಲರೂ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತೀರಿ. ನೀವು ಹಾಡಿದ್ದನ್ನು ಯಾರೂ ಮುದ್ರಿಸುವುದಿಲ್ಲ. ನಾನು ಕಲಿಯುವಾಗ ಗುರುಗಳು ಹಾಡಿದ ಸಂಗತಿಯನ್ನು ಮನೆ ಸೇರುವ ತನಕ ಬಾಯಲ್ಲಿ ಗುನುಗುತ್ತಲೇ ಇರಬೇಕಿತ್ತು, ಇಲ್ಲವಾದರೆ ಹೋಯಿತು. ಆ ಭಯವೇ ನಮ್ಮನ್ನು ಗಮನವಿಟ್ಟು ಕೇಳುವಂತೆ ಮಾಡಿತು. ಈಗ ಮೊಬೈಲು ಕೇಳಿಸಿಕೊಳ್ಳುತ್ತಿದೆ ಎನ್ನುವ ಧೈರ್ಯದಲ್ಲಿ ನಿಮ್ಮ ಕಿವಿ ಸಡಿಲವಾಗುತ್ತದೆ. ಪಾಠವನ್ನು ಮುದ್ರಿಸಬೇಡಿ ಎನ್ನುವುದಿಲ್ಲ. ಮನೆಗೆ ಹೋಗಿ ಮೊದಲು ನೆನಪಿನಿಂದ ಹಾಡಿ, ಅದನ್ನು ಮುದ್ರಿಸಿ, ಆಮೇಲೆ ನನ್ನದನ್ನು ಹಾಕಿ ಹೋಲಿಸಿ.

ತಮ್ಮದೇ ದನಿಯನ್ನು ಮುದ್ರಿಸಿ ಕೇಳಿದ ಮೊದಲ ದಿನ ಬಹಳ ಮಂದಿಗೆ ಎದೆ ಒಡೆದಂತಾಗುತ್ತದೆ. ‘ಇದು ನನ್ನ ದನಿಯೇ ಅಲ್ಲ’ ಎನ್ನುತ್ತಾರೆ. ಅದಕ್ಕೆ ಕಾರಣವಿದೆ. ನಾವು ಹಾಡುವಾಗ ನಮ್ಮ ದನಿ ಗಾಳಿಯಲ್ಲಿ ಹಾದು ಕಿವಿಗೆ ಬರುವುದರ ಜೊತೆಗೆ ತಲೆಯ ಮೂಳೆಗಳ ಮೂಲಕವೂ ಒಳಕಿವಿಗೆ ತಲುಪುತ್ತದೆ. ಅದರಿಂದ ನಮಗೆ ನಮ್ಮ ದನಿ ಇನ್ನಷ್ಟು ತುಂಬಿಕೊಂಡಂತೆ, ಗಂಭೀರವಾಗಿ ಕೇಳುತ್ತದೆ. ಯಂತ್ರಕ್ಕೆ ಗಾಳಿಯ ದಾರಿಯೊಂದೇ. ಸಭೆಯಲ್ಲಿ ಕೂತವರು ಕೇಳುವುದೂ ಅದನ್ನೇ. ಒಂದು ವಾರ ಕೇಳಿ, ಆ ಬೇಸರ ಕಳೆದುಹೋಗುತ್ತದೆ. ಆಮೇಲೆ ದನಿಯನ್ನು ಬಿಟ್ಟು ಸ್ವರವನ್ನು ಕೇಳಲು ಶುರುಮಾಡುತ್ತೀರಿ.

ಪುಸ್ತಕದಿಂದ ಕಲಿಯಬಹುದೇ ಎಂದು ಒಂದು ಚೀಟಿ ಬಂದಿದೆ. ಸ್ವರಲಿಪಿ ನೆನಪಿಗೆ ಒಳ್ಳೆಯದು. ಆದರೆ ತೋಡಿ ರಾಗವನ್ನು ತೆಗೆದುಕೊಳ್ಳಿ. ಅದರಲ್ಲಿರುವುದು ‘ಸಾಧಾರಣ ಗಾಂಧಾರ’ ಎನ್ನುವ ಹೆಸರಿನ ಸ್ವರ. ಖರಹರಪ್ರಿಯ ರಾಗದಲ್ಲೂ ಅದೇ ಸಾಧಾರಣ ಗಾಂಧಾರ. ಪುಸ್ತಕದಲ್ಲಿ ಎರಡೂ ಕಡೆ ‘ಗ’ ಎನ್ನುವ ಒಂದೇ ಅಕ್ಷರ ಇರುತ್ತದೆ. ತೋಡಿಯ ಗಾಂಧಾರ ಒಂದು ಜಾಗದಲ್ಲಿ ನಿಲ್ಲದೆ ದೊಡ್ಡದಾಗಿ ತೂಗುತ್ತದೆ. ಆ ತೂಗಾಟವೇ ತೋಡಿ. ಪುಸ್ತಕ ನೋಡಿ ತೋಡಿಯ ವರ್ಣ ಕಲಿತ ಒಬ್ಬ ಯುವಕ ನನ್ನ ಹತ್ತಿರ ಬಂದಿದ್ದ. ಒಂದು ಸ್ವರವೂ ತಪ್ಪಿರಲಿಲ್ಲ, ತಾಳವೂ ಗಟ್ಟಿ, ಆದರೆ ತೋಡಿ ಮಾತ್ರ ಎಲ್ಲೂ ಇರಲಿಲ್ಲ. ನಾನು ಅವನಿಗೆ ಪಾಠ ಹೇಳಲಿಲ್ಲ. ಎರಡು ತಿಂಗಳು ಹಾಡಬೇಡ, ತೋಡಿಯನ್ನು ಕೇಳು ಎಂದೆ. ಹಾಡುಗಾರಿಕೆಯಲ್ಲಿ ಕೇಳು, ವೀಣೆಯಲ್ಲಿ ಕೇಳು, ನಾಗಸ್ವರದಲ್ಲಿ ತಪ್ಪದೆ ಕೇಳು ಎಂದೆ. ಎರಡು ತಿಂಗಳ ಮೇಲೆ ಬಂದು ತನ್ನ ಹಳೆಯ ವರ್ಣವನ್ನೇ ಹಾಡಲು ಶುರುಮಾಡಿದ, ಎರಡನೆಯ ಸಾಲಿಗೆ ತಾನೇ ನಿಲ್ಲಿಸಿ, ‘ಇದು ತೋಡಿಯಲ್ಲ’ ಎಂದ. ಆ ದಿನ ನನಗಾದ ಸಂತೋಷ, ಶಿಷ್ಯರ ದೊಡ್ಡ ದೊಡ್ಡ ಕಛೇರಿಗಳಲ್ಲೂ ಆಗಿಲ್ಲ.

ಗುರುವನ್ನು ಯಾವಾಗ ಬಿಡಬೇಕು, ಯಾವಾಗ ಹುಡುಕಬೇಕು ಎನ್ನುವುದೂ ನಿಮ್ಮ ಮನಸ್ಸಿನಲ್ಲಿ ಇರುವ ಪ್ರಶ್ನೆ, ಕೇಳಲು ಹಿಂಜರಿಯುತ್ತೀರಿ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರನ್ನು ನೆನಪಿಸಿಕೊಳ್ಳಿ. ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಗ್ರಾಮಫೋನ್ ತಟ್ಟೆಗಳಿಂದ ಹೆಸರು ಮಾಡಿದ ಮೇಲೆ ಅವರು ಜೈಪುರ ಘರಾಣೆಯ ಮಂಜಿ ಖಾನರ ಮುಂದೆ ಮತ್ತೆ ಶಿಷ್ಯರಾಗಿ ಕೂತರು. 1937ರಲ್ಲಿ ಮಂಜಿ ಖಾನರು ತೀರಿಕೊಂಡರು. ಆಮೇಲೆ ಅವರ ತಮ್ಮ ಭುರ್ಜಿ ಖಾನರಲ್ಲಿ ಕಲಿಕೆ ಮುಂದುವರಿಯಿತು. ಹೆಸರು ಬಂದ ಮೇಲೆ ತಾನು ಹಾಡುತ್ತಿರುವುದರಲ್ಲಿ ಏನೋ ಸಾಲದು ಎಂದು ತನಗೇ ಕೇಳಿಸುವುದು ಎಷ್ಟು ಕಷ್ಟ! ಸುತ್ತ ಚಪ್ಪಾಳೆ ಇರುತ್ತದೆ. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರ ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಹೋಗುವ ದಾರಿ ಇಂಥ ಹಸಿವಿನಿಂದ ಶುರುವಾದರೆ ಗುರುವನ್ನು ಬದಲಿಸುವುದರಲ್ಲಿ ದೋಷವಿಲ್ಲ. ಪಕ್ಕದ ಮನೆಯ ಹುಡುಗ ಎರಡೇ ವರ್ಷಕ್ಕೆ ಕೃತಿಗೆ ಬಂದ, ನಮ್ಮವನು ಇನ್ನೂ ಅಲಂಕಾರದಲ್ಲೇ ಇದ್ದಾನೆ ಎನ್ನುವ ಕಾರಣಕ್ಕೆ ಬದಲಿಸಿದರೆ ಮಗು ಎರಡು ಮನೆಯಲ್ಲೂ ಅರ್ಧ ಕಲಿಯುತ್ತದೆ. ತಂದೆ ತಾಯಂದಿರೇ, ಸಂಗೀತದ ಜೂನಿಯರ್ ಪರೀಕ್ಷೆ ಒಂದು ವರ್ಷ ತಡವಾದರೆ ಏನೂ ಕಳೆದುಹೋಗುವುದಿಲ್ಲ. ದಯವಿಟ್ಟು ಅವಸರಿಸಬೇಡಿ.

ಕಂಠದ ವಿಚಾರದಲ್ಲಿ ನನ್ನ ಒಂದು ತಪ್ಪನ್ನು ಹೇಳದೆ ಮುಂದೆ ಹೋಗಲಾರೆ. ಹುಡುಗರಿಗೆ ಹನ್ನೆರಡು, ಹದಿಮೂರರ ಆಸುಪಾಸಿನಲ್ಲಿ ದನಿ ಒಡೆಯುತ್ತದೆ. ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ದನಿ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಹಿರಿಯರು ಹೇಳುತ್ತಿದ್ದರೆಂದು ನಾನೂ ಅಂಥ ಒಬ್ಬ ಹುಡುಗನಿಗೆ, ‘ಒಂದು ವರ್ಷ ಹಾಡುವುದನ್ನು ನಿಲ್ಲಿಸಪ್ಪಾ, ಆಮೇಲೆ ಬಾ’ ಎಂದೆ. ಅವನು ಬರಲೇ ಇಲ್ಲ. ತನ್ನ ದನಿ ಕೆಟ್ಟುಹೋಯಿತು, ಅದಕ್ಕೇ ಟೀಚರ್ ಕಳಿಸಿಬಿಟ್ಟರು ಎಂದು ಅವನು ತಿಳಿದಿದ್ದ. ನನಗೆ ಗೊತ್ತಾಗುವ ಹೊತ್ತಿಗೆ ಹತ್ತು ವರ್ಷವಾಗಿತ್ತು. ಅವನ ನಂತರ ಬಂದ ಹುಡುಗರಲ್ಲಿ ಯಾರನ್ನೂ ನಾನು ಕಳಿಸಿಲ್ಲ. ಶ್ರುತಿಯನ್ನು ಇಳಿಸುತ್ತೇವೆ, ತಾರಸ್ಥಾಯಿಯನ್ನು ಮುಟ್ಟುವುದಿಲ್ಲ, ಸುಲಭವಾಗಿ ಬರುವ ನಾಲ್ಕೈದು ಸ್ವರಗಳಲ್ಲೇ ದಿನಕ್ಕೆ ಹತ್ತು ನಿಮಿಷ ಹಾಡುತ್ತೇವೆ. ಉಳಿದ ಹೊತ್ತು ತಾಳ, ಲೆಕ್ಕ, ಕೇಳ್ಮೆ. ದನಿ ಎಲ್ಲಿ ಒಡೆಯುತ್ತದೋ ಅಲ್ಲಿ ನಗುವುದಕ್ಕೆ ಯಾರಿಗೂ ಅಪ್ಪಣೆ ಇಲ್ಲ. ಇಲ್ಲಿ ಆ ವಯಸ್ಸಿನ ಹುಡುಗರು ಇದ್ದೀರಿ. ನಿಮ್ಮ ದನಿ ಕೆಟ್ಟಿಲ್ಲ, ಬೆಳೆಯುತ್ತಿದೆ.

ಎಲ್ಲರಿಗೂ ಇನ್ನೊಂದು ಮಾತು. ನೋವಾಗುತ್ತಿದ್ದರೆ ಹಾಡಬೇಡಿ. ಗೊಗ್ಗರು ಮೂರು ವಾರ ದಾಟಿದರೆ ಮನೆಮದ್ದು ಬಿಟ್ಟು ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ. ಬೇರೆಯವರ ಶ್ರುತಿಯಲ್ಲಿ ಹಾಡಬೇಡಿ. ಶ್ರುತಿಯ ಎತ್ತರವನ್ನು ನಾವು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುತ್ತೇವೆ. ಗೆಳತಿ ಐದೂವರೆ ಮನೆಯಲ್ಲಿ ಹಾಡುತ್ತಾಳೆ ಎಂದು ಐದು ಮನೆಯವಳು ಏರಿಸಿಕೊಂಡರೆ ತಾರಸ್ಥಾಯಿಯ ಒಂದೊಂದು ಸ್ವರಕ್ಕೂ ಗಂಟಲು ಬೆಲೆ ತೆರುತ್ತದೆ. ಕರ್ನಾಟಕ ಸಂಗೀತದ ಗಾಯಕ ಆರ್. ಕೆ. ಶ್ರೀಕಂಠನ್ ಅವರು ತೊಂಬತ್ತು ದಾಟಿದ ಮೇಲೂ ವೇದಿಕೆಯಲ್ಲಿ ಕೂತು ಹಾಡಿದರು. ದನಿಯನ್ನು ಅಷ್ಟು ದೂರ ಕೊಂಡೊಯ್ಯಬೇಕಾದರೆ ಅದನ್ನು ಹೇಗೆ ನೋಡಿಕೊಂಡಿರಬೇಕು ಎಂದು ಯೋಚಿಸಿ.

ವೇದಿಕೆಯ ಭಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭಯ ಎಲ್ಲರಿಗೂ ಇರುತ್ತದೆ. ಕೈ ತಣ್ಣಗಾದರೂ ತಾನಾಗಿ ಬರುವಂಥ ವರ್ಣವನ್ನು ಮೊದಲಿಗೆ ಇಟ್ಟುಕೊಳ್ಳಿ. ಸಾಹಿತ್ಯ ಮರೆತರೆ ಪಲ್ಲವಿಗೆ ಬನ್ನಿ, ಪಿಟೀಲಿನವರು ನಿಮ್ಮ ಕೈ ಹಿಡಿಯುತ್ತಾರೆ. ಒಂದು ಎಚ್ಚರಿಕೆ ಮಾತ್ರ ಬೇಕು: ಮೈಕಿನಿಂದ ಬರುವ ದೊಡ್ಡ ದನಿಯಲ್ಲಿ ತಂಬೂರಿ ಮುಳುಗಿಹೋಗದಂತೆ ನೋಡಿಕೊಳ್ಳಿ. ಮೈಕಿನ ಆಸರೆ ಇಲ್ಲದ ದಿನಗಳಲ್ಲಿ ಪಿಟೀಲಿನ ನಾದ ಸಭೆಯ ಕೊನೆಯ ಸಾಲಿಗೂ ತಲುಪಲಿ ಎಂದು ಪಿಟೀಲು ವಿದ್ವಾಂಸ ಚೌಡಯ್ಯನವರು ಏಳು ತಂತಿಯ ಪಿಟೀಲನ್ನು ಮಾಡಿಸಿಕೊಂಡರು. ಈಗ ನಮ್ಮ ತೊಂದರೆ ಅದಕ್ಕೆ ವಿರುದ್ಧವಾದದ್ದು. ಕೊನೆಯ ಸಾಲಿಗೆ ಎಲ್ಲವೂ ಕೇಳುತ್ತದೆ, ಹಾಡುವವರಿಗೆ ತಮ್ಮ ಶ್ರುತಿ ಕೇಳುವುದಿಲ್ಲ. ನಾಚಿಕೊಳ್ಳದೆ ಧ್ವನಿವರ್ಧಕದವರನ್ನು ಕರೆದು ಶ್ರುತಿಯನ್ನು ಏರಿಸಿ ಎಂದು ಕೇಳಿ. ಶ್ರುತಿ ಕೇಳಿಸುವ ತನಕ ಶುರುಮಾಡಬೇಡಿ.

ಸಂಗೀತವನ್ನೇ ಜೀವನ ಮಾಡಿಕೊಳ್ಳಬಹುದೇ ಎಂದು ಮೂರು ಚೀಟಿಗಳಿವೆ. ಕಛೇರಿಯಿಂದ ಮಾತ್ರ ಮನೆ ನಡೆಸುವವರು ಕಡಿಮೆ. ಹೆಚ್ಚಿನವರು ಪಾಠ ಹೇಳುತ್ತಾರೆ, ಕೆಲವರು ಬೇರೆ ಉದ್ಯೋಗದಲ್ಲಿದ್ದುಕೊಂಡು ಹಾಡುತ್ತಾರೆ. ನಾನು ಹದಿನೆಂಟು ವರ್ಷ ಹಾಗೆ ಹಾಡಿದೆ. ಅದರಿಂದ ಸಂಗೀತ ಕಡಿಮೆಯಾಯಿತು ಎಂದು ನನಗೆ ಅನಿಸಿಲ್ಲ, ನಿದ್ದೆ ಕಡಿಮೆಯಾಯಿತು. ನಿಮ್ಮ ಮನೆಯವರ ಜೊತೆ ಕೂತು ಲೆಕ್ಕ ಹಾಕಿ ನಿರ್ಧರಿಸಿ. ನಾನು ಹೇಳಿದೆನೆಂದು ಯಾರೂ ಕೆಲಸ ಬಿಡಬೇಡಿ.

ಇನ್ನು ಹತ್ತು ನಿಮಿಷ ಉಳಿದಿದೆ. ಮಾತು ಸಾಕು, ತಂಬೂರಿ ಮೀಟುತ್ತೇನೆ. ಎಲ್ಲರೂ ಒಟ್ಟಿಗೆ ಹಾಡಬೇಡಿ, ಒಬ್ಬೊಬ್ಬರಾಗಿ ಬನ್ನಿ. ಮೊದಲ ಸರಳೆ, ಒಂದನೆಯ ಕಾಲ, ಅಕಾರದಲ್ಲಿ. ನಾನು ತಿದ್ದುವುದಿಲ್ಲ, ಉಳಿದವರೂ ತಿದ್ದಬಾರದು. ಹಾಡುವಾಗ ಎಲ್ಲಿ ಸ್ವರ ತಪ್ಪಿತು ಎಂದು ನಿಮಗೇ ಅನಿಸುತ್ತದೋ ಅಲ್ಲೇ ನಿಲ್ಲಿಸಿ, ತಂಬೂರಿಯನ್ನು ಕೇಳಿ, ಮತ್ತೆ ಷಡ್ಜದಿಂದ ಶುರುಮಾಡಿ. ಯಾರು ಮೊದಲು ಬರುತ್ತೀರಿ? ಆ ಮೂಲೆಯಲ್ಲಿ ಕೂತ ಮಗು, ನೀನು ಬಾ.